ನಿಂಗರಾಜುವಿನ ಬಾಯಿಗೆ ಇಪ್ಪತ್ತೊಂದು ಸಾಕ್ಷಿ

ಮೈಸೂರಿನ ಡಾಕ್ಟರ ಮುಂದೆ ಬಾಯಿ ತೆರೆದಾಗ ನಿಂಗರಾಜು ನಿಜವನ್ನೂ ಹೊರಗೆ ಬಿಟ್ಟುಬಿಟ್ಟ. ತೊಂದರೆ ಶುರುವಾದದ್ದು ಅಲ್ಲಿಂದ.

ಎಡಗೆನ್ನೆಯ ಒಳಗಿನ ಹುಣ್ಣು ಕ್ಯಾನ್ಸರೇ, ಆದರೆ ಇನ್ನೂ ಚಿಕ್ಕದು, ಗುರುವಾರ ಆಪರೇಷನ್ ಮಾಡಿದರೆ ವಾಸಿಯಾಗುತ್ತದೆ ಎಂದರು ಡಾಕ್ಟರು. ಹೊಗೆಸೊಪ್ಪಿನ ಚಟ ಇದೆಯೇ ಎಂದು ಕೇಳಿದಾಗ, ಹೆಂಡತಿ ಭಾಗ್ಯ ಹೊರಗೆ ಕೂತಿದ್ದಾಳೆಂಬ ಧೈರ್ಯದ ಮೇಲೆ, "ಕಡ್ಡಿಪುಡಿ ಸಾರ್, ಇಪ್ಪತ್ತು ವರ್ಷದಿಂದ" ಎಂದ. ಅದು ಆಸ್ಪತ್ರೆಯಿಂದ ಆರೋಗ್ಯ ವಿಮೆಯ ಕಂಪನಿಗೆ ಹೋಯಿತು. ಕಂಪನಿ ಕೇಳಿತು: ಪಾಲಿಸಿ ಮಾಡಿಸುವಾಗ ಈ ಚಟವನ್ನು ತಿಳಿಸಿದ್ದರೇ? ಹಳೆಯ ಅರ್ಜಿಯನ್ನು ಚಾಮರಾಜನಗರದ ಶಾಖೆಯಲ್ಲಿ ತೆಗೆಸಿ ನೋಡಬೇಕು.

ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ತೂಕ ಹಾಕುವ ನಿಂಗರಾಜುವಿನ ಎದೆ ತಕ್ಕಡಿಯ ಹಾಗೆ ಒಂದೇ ಕಡೆಗೆ ವಾಲಿತು. ಮೂರು ವರ್ಷದ ಹಿಂದೆ ಏಜೆಂಟ್ ಮಹಮ್ಮದ್ ಇಸ್ಮಾಯಿಲ್ ಮನೆಗೆ ಬಂದು ಅರ್ಜಿ ತುಂಬಿಸುವಾಗ, ಭಾಗ್ಯ ಟೀ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಕಡ್ಡಿಪುಡಿ ಬಿಟ್ಟೆನೆಂದು ಅವಳಿಗೆ ಗೋಪಾಲಸ್ವಾಮಿ ಬೆಟ್ಟದಲ್ಲಿ ಆಣೆ ಮಾಡಿದವನು ಇನ್ನೇನು ಹೇಳಿಯಾನು? ಚಟವಿಲ್ಲ ಎಂದು ಗಟ್ಟಿಯಾಗಿಯೇ ಬರೆಸಿದ್ದ. ಇದರ ಮೇಲೆ, ಪಕ್ಕದ ಮನೆಯ ನಾಗಯ್ಯನಿಗಿಂತ ತನ್ನ ಕಂತು ಯಾಕೆ ಹೆಚ್ಚು ಎಂದು ಪ್ರತಿ ವರ್ಷ ಜಗಳವಾಡುತ್ತಿದ್ದ. ಇಸ್ಮಾಯಿಲ್ ಪ್ರತಿ ವರ್ಷ ಕೆಮ್ಮಿ ಮಳೆಯ ಮಾತು ತೆಗೆಯುತ್ತಿದ್ದ. ಈಗ ಅವನು ಮದುವೆಗೆಂದು ಕೇರಳಕ್ಕೆ ಹೋಗಿದ್ದ, ಫೋನ್ ಸಿಗುತ್ತಿರಲಿಲ್ಲ.

ವಿಮೆ ಕೈಕೊಟ್ಟರೆ ಆಪರೇಷನ್ನಿಗೆ ಹಂಗಳದ ಜಮೀನು ಹೋಗಬೇಕು.

"ಯೋಚ್ನೆ ಬುಡ್ಲಾ," ಎಂದ ನಾಗಯ್ಯ. "ನಿಂಗೆ ಚಟವೇ ಇಲ್ಲ ಅಂತ ಬೀದಿಯೇ ಸೈನ್ ಹಾಕ್ಕೊಟ್ರೆ ಕಂಪ್ನಿಯೋರು ಏನ್ ಮಾಡಾರು?"

ಬೆಳಗಿನೊಳಗೆ ಇಪ್ಪತ್ತು ಸಹಿಗಳಾದವು. ಮೊದಲ ಸಹಿ ಗೂಡಂಗಡಿಯ ಪುಟ್ಟಮಲ್ಲಮ್ಮನದು. ದಿನಕ್ಕೆ ನಾಲ್ಕು ಪೊಟ್ಟಣ ಅವನಿಗೆ ಕೊಡುತ್ತಿದ್ದವಳು ಅವಳೇ.

ಭಾಗ್ಯ ಬುತ್ತಿ ಕಟ್ಟಿಕೊಂಡು ತಾನೂ ಚಾಮರಾಜನಗರದ ಬಸ್ಸು ಹತ್ತಿದಳು. ಕಾಗದ ನಾಗಯ್ಯನ ಅಂಗಿಯೊಳಗೆ ಬೆಚ್ಚಗಿತ್ತು. ತೆರಕಣಾಂಬಿಯಲ್ಲಿ ಹತ್ತಿದ ಈರುಳ್ಳಿ ವ್ಯಾಪಾರಿಯೊಬ್ಬ ಪಕ್ಕದಲ್ಲೇ ಕೂತು, ಹಳೆಯ ಸ್ನೇಹದಲ್ಲಿ ಕಡ್ಡಿಪುಡಿಯ ಡಬ್ಬಿ ಮುಂದೆ ಚಾಚಿದ. "ಯಾಕ್ಲಾ ನಿಂಗ, ಬ್ಯಾಡ್ವಾ ಇವತ್ತು?"

ನಿಂಗರಾಜು ಕಿಟಕಿಯಾಚೆ ಎಂದೂ ಹೊಲ ಕಾಣದವನಂತೆ ಹೊಲ ನೋಡಿದ. ಭಾಗ್ಯ ಬುತ್ತಿಯ ಗಂಟು ಬಿಗಿ ಮಾಡಿದಳು. ನಾಗಯ್ಯ ಗಡಿಬಿಡಿಯಿಂದ ಕಾಗದ ತೆಗೆದು ವ್ಯಾಪಾರಿಯ ಸಹಿಯನ್ನೂ ಹಾಕಿಸಿಕೊಂಡ. ಇಪ್ಪತ್ತೊಂದಾಯಿತು.

ಶಾಖೆಯಲ್ಲಿ ಬಿಂದುಶ್ರೀ ಎಂಬ ಅಧಿಕಾರಿ ಫೈಲು ತೆರೆದಳು. ನಾಗಯ್ಯ ಕಾಗದ ಮುಂದಿಡಲು ಕೈ ಎತ್ತಿದ.

"ಇದರಲ್ಲಿ ಎಲ್ಲಾ ಸರಿಯಾಗೇ ಬರ್ಸಿದ್ದೀರಲ್ಲ," ಎಂದಳು ಅವಳು. "ಕಡ್ಡಿಪುಡಿ, ದಿನಕ್ಕೆ ನಾಲ್ಕು ಪೊಟ್ಟಣ. ಅದಕ್ಕೇ ಕಂತು ಜಾಸ್ತಿ ಹಾಕಿದೀವಿ. ಈಗ್ಲೇ ಕಳಿಸ್ತೀನಿ, ಸಂಜೆಯೊಳಗೆ ಮಂಜೂರಾಗುತ್ತೆ. ಚಟ ಮುಚ್ಚಿಟ್ಟಿದ್ರೆ ಕಷ್ಟ ಆಗ್ತಿತ್ತು."

ನಾಗಯ್ಯನ ಕೈ ದಾರಿ ಬದಲಿಸಿ ತಲೆ ಕೆರೆದುಕೊಂಡಿತು. ನಿಂಗರಾಜು ಕುರ್ಚಿಯಲ್ಲಿ ಇಳಿಸಿದ ಮೂಟೆಯಂತೆ ಕುಸಿದ. ಅವನಿಗೆ ಅಳು ಬಂತು.

"ಯಾರು ಬರಸ್ದೋರು?" ಎಂದ, ಕಣ್ಣೊರೆಸಿಕೊಳ್ಳುತ್ತ.

"ನಾನೇ," ಎಂದಳು ಭಾಗ್ಯ. "ಇಸ್ಮಾಯಿಲಣ್ಣ ಗೇಟ್ ದಾಟೋ ಮೊದ್ಲೇ ಓಗಿ ತಿದ್ದಿಸ್ದೆ. ಸೈಕಲ್ ಸೀಟ್ ಕೆಳ್ಗೆ ನೀನು ಪೊಟ್ಟಣ ಇಡ್ತಿದ್ದುದು ನಂಗೆ ಕಾಣಲ್ವಾ?"

"ಮತ್ತೆ ನನ್ನ ಯಾಕ್ ಕೇಳ್ನಿಲ್ಲ?"

"ಕೇಳಿದ್ರೆ ಬುಡ್ತಿದ್ದಾ? ನೀನು ಇಡೋ ಜಾಗ ಬದ್ಲಾಯಿಸ್ತಿದ್ದೆ, ಅಷ್ಟೇಯ."

ಸಂಜೆ ಗುಂಡ್ಲುಪೇಟೆಯಲ್ಲಿ ಇಳಿಯುವಷ್ಟರಲ್ಲಿ ಮಂಜೂರಾದ ಸುದ್ದಿ ಫೋನಿಗೆ ಬಂದಿತ್ತು. ಭಾಗ್ಯ ಬಸ್ಸಿನಲ್ಲೇ ನಾಗಯ್ಯನಿಂದ ಆ ಕಾಗದ ಕೇಳಿ ಪಡೆದಿದ್ದಳು. ಇಷ್ಟು ಜನ ಬರೆದುಕೊಟ್ಟ ಮೇಲೆ ಅದನ್ನು ವ್ಯರ್ಥ ಮಾಡಬಾರದೆಂದು ಹೇಳಿ, ಬಸ್ಸಿಳಿದವಳೇ ಮುಂದೆ ನಡೆದಳು.

ಹಗುರಾದ ಮನಸ್ಸಿನಿಂದ ನಿಂಗರಾಜುವಿನ ಕಾಲು ತಾನಾಗಿಯೇ ಗೂಡಂಗಡಿಯತ್ತ ತಿರುಗಿತು. ರೂಢಿಯಂತೆ ಅಂಗೈ ಚಾಚಿದ.

ಪುಟ್ಟಮಲ್ಲಮ್ಮ ಮೇಲೆ ನೋಡಿದಳು. ಬಾಳೆಗೊನೆಯ ಪಕ್ಕದಲ್ಲಿ ಆ ಕಾಗದ ತೂಗುತ್ತಿತ್ತು: 'ನಿಂಗರಾಜು ಕಡ್ಡಿಪುಡಿ ಮುಟ್ಟುವುದಿಲ್ಲ, ಇದಕ್ಕೆ ನಾವೇ ಜವಾಬ್ದಾರರು.' ಕೆಳಗೆ ಮೊದಲ ಸಹಿ ಅವಳದೇ.

"ನಿನ್ನೆಂಡ್ತಿ ಈಗ್ತಾನೆ ಕಟ್ಬುಟ್ಟೋದ್ಲು ಕಣ್ಲಾ," ಎಂದು, ಅವನ ಅಂಗೈಯಲ್ಲಿ ಒಂದು ಪೆಪ್ಪರ್‌ಮಿಂಟ್ ಇಟ್ಟಳು.