ಪಿಸ್ಟನ್ ಇಲ್ಲದ ಎಂಜಿನ್ನಿಗೆ ಎಷ್ಟು ನೂಲಿನ ಪೈಪು?

ಕೊಯಮತ್ತೂರಿನಲ್ಲಿ ವರ್ಕ್‌ಶಾಪ್ ಇಟ್ಟವನಿಗೆ ಕೆಲಸ ಕಮ್ಮಿಯಾಗಬಹುದು, ಬುದ್ಧಿ ಹೇಳುವವರು ಮಾತ್ರ ಕಮ್ಮಿಯಾಗುವುದಿಲ್ಲ. ಪಂಪ್‌ಸೆಟ್ಟಿನ ಊರು ನೋಡಿ. ಪೈಪು ಕಣ್ಣಿಗೆ ಬಿದ್ದರೆ ಸಾಕು, ಹಾಲು ತರೋಕೆ ಹೊರಟವನೂ ಸೈಕಲ್ ನಿಲ್ಲಿಸಿ ಒಂದು ಮಾತು ಹೇಳಿಯೇ ಹೋಗುತ್ತಾನೆ. ಎಂಬತ್ತರ ದಶಕದಲ್ಲಿ ಕುರಿಚಿಯಲ್ಲಿ ನನ್ನ ಶೆಡ್ಡಿತ್ತು. ಒಂದು ಕಾರಿನ ಪೆಟ್ರೋಲ್ ಪೈಪಿಗಾಗಿ ಆಗ ನಾನು ಪಟ್ಟ ಪಾಡು ನೆನೆದರೆ ಈಗಲೂ ಸೊಂಟ ಹಿಡಿದುಕೊಳ್ಳುತ್ತದೆ.

ಪಿಸ್ಟನ್ ಎಲ್ಲಿ?

ವೆಳ್ಳಕೋಯಿಲ್‌ನಲ್ಲಿ ಹತ್ತಿ ಜಿನ್ನಿಂಗ್ ಫ್ಯಾಕ್ಟರಿ, ಕೊಯಮತ್ತೂರಿನಲ್ಲಿ ಮನೆ ಇಟ್ಟಿದ್ದ ಮೊದಲಾಳಿಯೊಬ್ಬರ ಮಗ ಮದರಾಸಿನ ಗುಜರಿಯಿಂದ ಜಪಾನಿನ ರೋಟರಿ ಎಂಜಿನ್ ಒಂದನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದ. ಅವರೂ ನಮ್ಮಂತೆಯೇ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಮಾತಾಡೋ ಪೈಕಿ. ಆ ಸಲುಗೆಯೇ ನನ್ನ ತಲೆಗೆ ಬಂತು.

"ಅಣ್ಣಾ, ಇದನ್ನ ನನ್ನ ಹಳೇ ಕಾರಿಗೆ ಕೂರಿಸಿಕೊಡಿ. ರೇಸಿಗೆ ಬಿಡ್ತೀನಿ," ಅಂದ.

ರೋಟರಿ ಎಂಜಿನ್ನಿನಲ್ಲಿ ಪಿಸ್ಟನ್ ಇರೋದಿಲ್ಲ. ಮೂರು ಮೂಲೆಯ ಒಂದು ದಿಂಡು ಒಳಗೇ ಗಿರಗಿರ ತಿರುಗುತ್ತದೆ, ಅಷ್ಟೆ. ಪಕ್ಕದ ಫೌಂಡ್ರಿಯ ಯಜಮಾನರು ಬಂದು, ಬಿಚ್ಚಿಟ್ಟಿದ್ದ ಎಂಜಿನ್ನಿನ ಸುತ್ತ ಪ್ರದಕ್ಷಿಣೆ ಹಾಕಿ, "ಪಿಸ್ಟನ್ ಎಲ್ಲಪ್ಪಾ?" ಅಂದರು.

"ಇದಕ್ಕೆ ಪಿಸ್ಟನ್ ಇಲ್ಲಣ್ಣಾ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಲೊಚಗುಟ್ಟಿ ಹೋದರು. ಮಾರನೇ ದಿನ ಬೆಳಗ್ಗೆ ಚೀಲದಲ್ಲಿ ನಾಲ್ಕು ಹಳೇ ಪಿಸ್ಟನ್ ತಂದು ನನ್ನ ಮೇಜಿನ ಮೇಲಿಟ್ಟರು. "ಪಾಪ, ನಿನ್ನ ಚೆನ್ನಾಗಿ ಏಮಾರಿಸಿದ್ದಾರೆ. ಇವು ಹೊಂದುತ್ತವಾ ನೋಡು, ಯಾರಿಗೂ ಹೇಳಲ್ಲ."

ಬಾವಿ ಎಷ್ಟು ಆಳ?

ಹುಡುಗನಿಗೆ ಎಂಜಿನ್ ಇದ್ದಂತೆ ಇದ್ದರೆ ಸಾಲದು. ದೊಡ್ಡ ಕಾರ್ಬುರೇಟರ್ ಹಾಕಿಸಿದ, ಹೊಗೆ ಹೋಗೋ ದಾರಿ ಅಗಲ ಮಾಡಿಸಿದ. ಪೆಟ್ರೋಲ್ ಪೈಪು ಮಾತ್ರ ಹಳೇ ಕಾರಿನದೇ, ಎರಡು ನೂಲಿನದು. ನಮ್ಮ ಕಡೆ ಇಂಚಿಗೆ ಎಂಟು ನೂಲಿನ ಲೆಕ್ಕ. ಮೆಲ್ಲಗೆ ಓಡಿಸಿದರೆ ಬೆಣ್ಣೆ. ಪೂರ್ತಿ ಒತ್ತಿದರೆ ಕೆಮ್ಮಿ, ಕ್ಯಾಕರಿಸಿ, ನಿಂತುಬಿಡೋದು. ಎಂಜಿನ್ ಕೇಳಿದಷ್ಟು ಪೆಟ್ರೋಲನ್ನು ಆ ಪೈಪು ತರಲಾರದು. ಮೂರು ನೂಲು ಬೇಕು ಅಂತ ಹಾರ್ಡ್‌ವೇರ್ ಅಂಗಡಿಗೆ ಹೋದೆ.

"ಮೋಟರು ಎಷ್ಟು ಎಚ್‌ಪಿ? ಬಾವಿ ಎಷ್ಟು ಆಳ?" ಅಂದ ಅಂಗಡಿಯವನು.

"ಬಾವಿ ಅಲ್ಲ ಮಾರಾಯಾ, ಕಾರು. ಪೆಟ್ರೋಲಿಗೆ."

"ಏನಾದರೂ ಇರಲಿ. ಎಷ್ಟು ಅಡಿ ಮೇಲಕ್ಕೆ ಏರಬೇಕು?"

"ಏರೋದಿಲ್ಲ. ಹಿಂದಿನಿಂದ ಮುಂದಕ್ಕೆ ಹೋಗಬೇಕು, ಅಷ್ಟೆ."

ಅವನು ಕೈಯಲ್ಲಿದ್ದ ಪೈಪನ್ನು ಮತ್ತೆ ಅಟ್ಟಕ್ಕೆ ಎಸೆದ. "ಏರೋದೇ ಇಲ್ಲ ಅಂದಮೇಲೆ ಪೈಪು ಯಾಕೆ? ಒಂದು ಕಾಲುವೆ ತೋಡಿ, ತಾನೇ ಹರಿಯುತ್ತೆ."

ದೊಡ್ಡದಿದ್ದರೆ ಒಳ್ಳೇದಲ್ವಾ?

ಹೆಂಡತಿ ಕಡೆಯ ಒಂದು ಮದುವೆಗೆ ಹೋಗಿ ಬರೋದರೊಳಗೆ ನಮ್ಮ ರೇಸುಗಾರ ತಾನೇ ನಾಲ್ಕು ನೂಲಿನ ಪೈಪು ಎಳೆಸಿಬಿಟ್ಟಿದ್ದ. "ದೊಡ್ಡದಿದ್ದರೆ ಒಳ್ಳೇದಲ್ವಾ ಅಣ್ಣಾ?" ಅಂತ ನಗುತ್ತಾ ನಿಂತಿದ್ದ. ನನಗೆ ಅಳು ಬಂತು. ಅಷ್ಟು ಅಗಲದ ಪೈಪನ್ನು ತುಂಬಿಸೋ ತಾಕತ್ತು ಆ ಸಣ್ಣ ಪಂಪಿಗೆಲ್ಲಿ? ಅರ್ಧ ಪೆಟ್ರೋಲು, ಅರ್ಧ ಗಾಳಿ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸತ್ತಿತು. ಎಲ್ಲರೂ ಸೇರಿ ಕಾರನ್ನು ತಳ್ಳುತ್ತಿದ್ದಾಗಲೇ ಹುಡುಗನ ಅಪ್ಪ, ಅಂದರೆ ಮೊದಲಾಳಿ, ತಮ್ಮ ಕಾರಿನಲ್ಲಿ ಬಂದಿಳಿದರು.

ಕೈಕಟ್ಟಿ ನಿಂತು ನೋಡಿದರು. ಆಮೇಲೆ ಮಗನಿಗೆ ಅಂದರು: "ಭಾನುವಾರ ಮಡತ್ತುಕುಳಂನಲ್ಲಿರೋ ನಿಮ್ಮಮ್ಮನ ತವರಿಗೆ ಇದರಲ್ಲೇ ಹೋಗೋಣ. ದಾರೀಲಿ ನಿಲ್ಲದೆ ಹೋದರೆ ನೀನು ರೇಸಿಗೆ ಹೋಗು. ನಿಂತಿತೋ, ಸೋಮವಾರದಿಂದ ಫ್ಯಾಕ್ಟರೀಲಿ ಕೂತ್ಕೋ. ಈ ಎಂಜಿನ್ನನ್ನ ತೋಟದ ಬಾವಿಗೆ ಕಟ್ತೀನಿ, ನೀರಾದರೂ ಎತ್ತಲಿ."

ಹುಡುಗನ ಮುಖ ಸಣ್ಣದಾಯಿತು. ಎಷ್ಟಾದರೂ ಆಸೆಪಟ್ಟು ಮಾಡಿಸಿದ್ದ. ಅಷ್ಟು ಹೇಳಿ ಮೊದಲಾಳಿ ಗತ್ತಿನಲ್ಲಿ ಹೋಗಿ ಕಾರು ಹತ್ತಿದರು. ಅದೂ ಸ್ಟಾರ್ಟ್ ಆಗಲಿಲ್ಲ. ಅದನ್ನೂ ನಾವೇ ತಳ್ಳಿದೆವು.

ಮಡತ್ತುಕುಳಂ ಪಯಣ

ಮೂರು ನೂಲಿನ ಪೈಪು ಹಾಕಿ, ಪಂಪನ್ನು ಹಿಂದೆ ಟ್ಯಾಂಕಿನ ಪಕ್ಕಕ್ಕೆ ತಂದೆ. ಶನಿವಾರ ಪಾಲಕ್ಕಾಡು ರಸ್ತೆಯಲ್ಲಿ ಬಿಟ್ಟು ನೋಡಿದರೆ ಕಾರು ಹಾರಿತು. ಸದ್ಯ, ಗೆದ್ದೆವು ಅಂದುಕೊಂಡೆ.

ಭಾನುವಾರ ಮಗ ಓಡಿಸಿದ, ಅಪ್ಪ ಮುಂದೆ ಕೂತರು. ಹಿಂದೆ ಹುಡುಗನ ಅಮ್ಮ, ಮೂರು ಮುರುಕಿನ ಡಬ್ಬ, ಒಂದು ಬಾಳೆಗೊನೆ, ಅವುಗಳ ಸಂದಿಯಲ್ಲಿ ನಾನು. ಹೊರಡೋ ಮುಂಚೆ ಅಮ್ಮ ಕಾರಿಗೆ ಪೂಜೆ ಮಾಡಿ, ಕಂಡಕಂಡಲ್ಲೆಲ್ಲ ಗಂಧ ಕುಂಕುಮದ ಬೊಟ್ಟಿಟ್ಟರು.

ಕಿಣತ್ತುಕಡವು ಬರೋದರೊಳಗೆ ಕಾರು ಕೆಮ್ಮಿ ನಿಂತಿತು. ಹುಡುಗ ಸ್ಟೀರಿಂಗಿಗೆ ಹಣೆ ಹಚ್ಚಿದ. ನಾನು ಇಳಿದು ಓಡಿ, ಬಾನೆಟ್ ಎತ್ತಿ, ಪೈಪು ಬಿಚ್ಚಿ ಬಾಯಲ್ಲಿ ಊದಿದೆ. ಮೊದಲಾಳಿ ಹಿಂದೆ ಹೋಗಿ, "ಎಮ್ಮೆ ನೀರು ಕುಡಿದಂಗೆ ಕುಡಿಯುತ್ತೆ," ಅಂತ ಬೈಯುತ್ತಾ ಟ್ಯಾಂಕಿನ ಮುಚ್ಚಳ ತೆಗೆದು, ಬೇವಿನ ಕಡ್ಡಿ ಇಳಿಬಿಟ್ಟು ಪೆಟ್ರೋಲ್ ಎಷ್ಟಿದೆ ನೋಡಿದರು. ಕಾರು ಹೊರಟಿತು. ಊದಿದ್ದಕ್ಕೆ ಸರಿಹೋಯಿತು ಅಂದುಕೊಂಡೆ. ಪೊಳ್ಳಾಚಿ ದಾಟಿದಮೇಲೆ ಮತ್ತೆ ನಿಂತಿತು. ನಾನು ಊದಿದೆ, ಅವರು ಕಡ್ಡಿ ಹಾಕಿದರು, ಹೊರಟಿತು.

ಉಡುಮಲೈ ಹತ್ತಿರ ಮೂರನೇ ಸಲ ನಿಂತಾಗ ನನಗೆ ಸಾಕುಸಾಕಾಗಿತ್ತು. ಬಾಯೆಲ್ಲ ಪೆಟ್ರೋಲು, ತೊಡೆಯ ಮೇಲೆ ಬಾಳೆಗೊನೆ. ಹಾಳಾಗಿ ಹೋಗಲಿ ಅಂತ ಕೂತಲ್ಲಿಂದ ಅಲುಗಲೇ ಇಲ್ಲ. ಮೊದಲಾಳಿ ಒಬ್ಬರೇ ಹಿಂದೆ ಹೋಗಿ ಮುಚ್ಚಳ ತಿರುಗಿಸಿದರು. ಬುಸ್ಸೆಂದು ಗಾಳಿ ಒಳಗೆ ನುಗ್ಗಿದ ಸದ್ದು ಕೇಳಿತು. ಹುಡುಗ ಸೆಲ್ಫ್ ಹೊಡೆದ, ಕಾರು ಸ್ಟಾರ್ಟ್ ಆಯಿತು!

ಬಾಳೆಗೊನೆ ತಳ್ಳಿ ಇಳಿದೆ. ಪೆಟ್ರೋಲ್ ಕಮ್ಮಿಯಾದಷ್ಟೂ ಗಾಳಿ ಒಳಗೆ ಹೋಗಲಿ ಅಂತ ಟ್ಯಾಂಕಿನ ಮುಚ್ಚಳದಲ್ಲಿ ಸೂಜಿ ತೂರುವಷ್ಟು ಒಂದು ತೂತಿರುತ್ತದೆ. ಅದು ಮುಚ್ಚಿದರೆ ಮೂರು ನೂಲೇನು, ಒಂದಡಿ ಅಗಲದ ಪೈಪು ಹಾಕಿದರೂ ಪೆಟ್ರೋಲ್ ಬರೋದಿಲ್ಲ. ಸರಿಯಾಗಿ ಆ ತೂತಿನ ಮೇಲೆ ಅಮ್ಮನ ಬೊಟ್ಟು, ಒಳ್ಳೇ ಕಾಸಿನಗಲ, ಒಣಗಿ ಗಾರೆಯಾಗಿತ್ತು. ನಾನು ಬೆರಳು ತೋರಿಸಿದೆ. ಮೊದಲಾಳಿ ನೋಡಿದರು, ಕಾರಿನೊಳಗೆ ಕೂತ ಹೆಂಡತಿಯನ್ನು ನೋಡಿದರು, ಸದ್ದಿಲ್ಲದೆ ಪಂಚೆಯ ತುದಿಯಲ್ಲಿ ಒರೆಸಿದರು.

ಅಲ್ಲಿಂದ ಮುಂದೆ ಕಾರು ಓಡಿದ್ದೇ ಓಡಿದ್ದು. ಮೊದಲಾಳಿ ಕಿಟಕಿ ಹಿಡಿದುಕೊಂಡು, "ಇನ್ನೂ ಸ್ವಲ್ಪ ಒತ್ತೋ," ಅಂದರು.

ಮಡತ್ತುಕುಳಂನಲ್ಲಿ ಅವರ ಭಾವಮೈದ ಬಾಗಿಲಲ್ಲೇ ಕೇಳಿದ, "ಏನು ಭಾವಾ, ಇಷ್ಟು ಹೊತ್ತಾಯಿತು? ವಂಡಿ ದಾರೀಲಿ ನಿಂತಿತಾ?"

ಹುಡುಗ ಅಪ್ಪನ ಮುಖ ನೋಡಿದ.

"ಅದೆಲ್ಲಿ ನಿಂತಿತು?" ಅಂದರು ಮೊದಲಾಳಿ. "ಪೆಟ್ರೋಲ್ ನೋಡೋಕೆ ನಾನೇ ನಿಲ್ಲಿಸಿದ್ದು."

ಹುಡುಗ ಅಲ್ಲೇ ಅಪ್ಪನ ಕಾಲಿಗೆ ಬಿದ್ದ. ನನಗೂ ಕಣ್ಣಲ್ಲಿ ನೀರು ಬಂತು.

ಸಂಜೆ ಹೊರಡೋ ಹೊತ್ತಿಗೆ ಅಮ್ಮ ಗಂಧದ ಬಟ್ಟಲು ಹಿಡಿದು ಬಂದರು. "ಅಯ್ಯೋ, ಬೊಟ್ಟು ಅಳಿಸಿಹೋಗಿದೆ ನೋಡಿ. ನಾನು ಇಟ್ಟಿದ್ದಕ್ಕೇ ಅಲ್ವಾ ಕ್ಷೇಮವಾಗಿ ಇಲ್ಲಿತನಕ ಬಂದಿದ್ದು?"

ಯಾರಿಗೂ ತಲೆಬಾಗದ ಮೊದಲಾಳಿ ಮೆತ್ತಗೆ ಅಂದರು, "ಈ ಸಲ ಬಾನೆಟ್ ಮೇಲೆ ಮಾತ್ರ ಇಡೇ, ಸಾಕು."

"ಚೆನ್ನಾಗಿದೆ! ವಂಡಿ ಕುಡಿಯೋ ಬಾಯಿ ಅದು. ದೃಷ್ಟಿ ಬೀಳೋದೇ ಬಾಯಿಗೆ," ಅಂತ ಅಮ್ಮ ಮುಚ್ಚಳದ ಮೇಲೆ ಬೆಳಗ್ಗೆಗಿಂತ ದಪ್ಪಗೆ ಮೆತ್ತಿದರು. ನಾವು ಮೂವರೂ ಗಂಡಸರು ತೆಪ್ಪಗೆ ಕಾರು ಹತ್ತಿದೆವು.

ಬೀದಿಯ ತಿರುವು ದಾಟಿತ್ತೋ ಇಲ್ಲವೋ, ಮೊದಲಾಳಿ ಗಂಟಲು ಸರಿಮಾಡಿಕೊಂಡು ಅಂದರು: "ನಿಲ್ಲಿಸಪ್ಪಾ, ಪೆಟ್ರೋಲ್ ನೋಡಬೇಕು."