ಸತ್ತೆವ್ವನ ಧಾಟಿಯೂ ಮುಚ್ಚಿದ ಕಿಟಕಿಯೂ

ಸ್ವಂತ ಮನೆಯ ಬಾಗಿಲ ಹೊರಗೆ ಕಾವಲು ಕೂರುವ ಗಂಡಸು ದಾಂಡೇಲಿಯಲ್ಲಿ ಶಂಕ್ರಪ್ಪ ಒಬ್ಬನೇ ಎಂದುಕೊಂಡರೆ ತಪ್ಪಾದೀತು. ಅವನ ಜೊತೆಗೆ ಇನ್ನೂ ಐದು ಮಂದಿ ಗಂಡಂದಿರು ಕೂರುತ್ತಿದ್ದರು. ಪೇಪರ್ ಮಿಲ್ಲಿನಲ್ಲಿ ಹಗಲೆಲ್ಲ ದುಡಿದು ಬಂದು, ಚಹಾ ಕುಡಿದು, ಸಂಜೆಯಾಗುತ್ತಲೇ ಆರೂ ಜನ ಶಂಕ್ರಪ್ಪನ ಅಂಗಳದಲ್ಲಿ ಹಾಜರ್. ಒಳಗೆ ಅವರವರ ಹೆಂಡಂದಿರು ಭಜನೆಯ ತಾಲೀಮು ನಡೆಸಬೇಕು, ಹೊರಗೆ ಈ ಪತಿದೇವರುಗಳು ಧಾಟಿ ಕಳುವಾಗದಂತೆ ನೋಡಿಕೊಳ್ಳಬೇಕು. ಹಾಗಂತ ಸತ್ತೆವ್ವನ ಅಪ್ಪಣೆಯಾಗಿತ್ತು.

ಸತ್ತೆವ್ವ ಎಂದರೆ ಶಂಕ್ರಪ್ಪನ ಧರ್ಮಪತ್ನಿ, ಕಾಳಿತೀರ ಭಜನಾ ಮಂಡಳದ ಸರ್ವಾಧಿಕಾರಿಣಿ. ಹೋದ ವರ್ಷ ಅವಳು ಊಟ ನಿದ್ದೆ ಬಿಟ್ಟು ಒಂದು ಹಳೆಯ ತತ್ವಪದಕ್ಕೆ ಹೊಸ ಧಾಟಿ ಕಟ್ಟಿದ್ದಳು. ಹಳಿಯಾಳದ ಸ್ಪರ್ಧೆಯಲ್ಲಿ ತೇರಗಾಂವದ ಕೆಂಚವ್ವನ ಮೇಳ ಅದೇ ಧಾಟಿಯನ್ನು ಇವರಿಗಿಂತ ಮೊದಲೇ ಹಾಡಿ ಬಹುಮಾನದ ಡಾಲು ಹೊಡೆದುಕೊಂಡು ಹೋಯಿತು. (ಕೆಂಚವ್ವನ ತಂಗಿ ಇವರ ಓಣಿಯಲ್ಲೇ ಬಾಡಿಗೆಗಿದ್ದಳು ಎಂಬುದು ಆಮೇಲೆ ತಿಳಿಯಿತು.) ಅಂದಿನಿಂದ ಸತ್ತೆವ್ವನಿಗೆ ಕೆಂಚವ್ವನ ಹೆಸರು ಕೇಳಿದರೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈ ವರ್ಷ ಇನ್ನೊಂದು ಧಾಟಿ ಕಟ್ಟಿದ್ದಳು, ಅದು ಹೋದ ಸಲದ್ದನ್ನೂ ಮೀರಿಸುವಂಥದ್ದು. ಇದೂ ಕೈತಪ್ಪಿದರೆ ಮತ್ತೆಂದೂ ತಾಳ ಮುಟ್ಟುವುದಿಲ್ಲ ಎಂದು ಆಣೆ ಹಾಕಿದ್ದಳು.

ಹಾಗಾಗಿ ಕಿಟಕಿ ಬಂದ್, ಬಾಗಿಲು ಬಂದ್. ಸಂದಿಗೊಂದಿಗೆಲ್ಲ ಹಳೆ ಸೀರೆ ತುರುಕಿದ್ದಾಯಿತು. ಫ್ಯಾನಿನ ಸದ್ದಿಗೆ ಶ್ರುತಿ ಕೆಡುತ್ತದೆಂದು ಅದಕ್ಕೂ ರಜೆ. ಚಳಿಗಾಲ ಬೇರೆ, ಯಾರಿಗೂ ಬೇಸರವಾಗಲಿಲ್ಲ. ಆರು ಹೆಂಗಸರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ದನಿ ಎತ್ತಿದರೆಂದರೆ ಗೋಡೆಯ ಮೇಲಿನ ಕ್ಯಾಲೆಂಡರ್ ಬೆವರುತ್ತಿತ್ತು.

ಇಂಥ ಭದ್ರಕೋಟೆಗೆ ಮಂಡಳದ ಲಕ್ಷ್ಮಿ ಮುಂಡಗೋಡದ ಮದುವೆಯಿಂದ ಬಂದಳು. ಉಡಿಯಲ್ಲಿ ಅಕ್ಕಿ ಕೊಬ್ಬರಿಯ ಜೊತೆ ನೆಗಡಿಯನ್ನೂ ತುಂಬಿಸಿಕೊಂಡು ಬಂದಿದ್ದಳು. ಮನೆಯಲ್ಲಿ ಮಲಗು ಎನ್ನಲು ಸತ್ತೆವ್ವನಿಗೆ ಮನಸ್ಸಾಗಲಿಲ್ಲ, ಮೇಲಿನ ಸ್ವರ ಎತ್ತುವವಳು ಅವಳೊಬ್ಬಳೇ. ಎರಡು ದಿನ ಕಳೆಯುವುದರೊಳಗೆ ಹಾರ್ಮೋನಿಯಂ ಪೇಟಿ ಬಾರಿಸುವವಳು ಸೀನಿದಳು. ಆಮೇಲೆ ತಾಳದವರು. ಸತ್ತೆವ್ವ ಒಮ್ಮೆ ಬಾಳೆಹಣ್ಣನ್ನು ಬೈದಳು, ಒಮ್ಮೆ ಮೊಸರನ್ನು, ಒಮ್ಮೆ ಕಾಳಿ ಹೊಳೆಯ ಮೇಲಿಂದ ಬರುವ ಗಾಳಿಯನ್ನು. ಆ ಗಾಳಿ ಬಾರದಿರಲೆಂದು ಸಂದಿಗೆ ಇನ್ನೆರಡು ಸೀರೆ ತುರುಕಿದಳು. ಶುಂಠಿ ಕಷಾಯ ಕಾಸಿ ಒಂದೇ ತಂಬಿಗೆಯಲ್ಲಿ ಎಲ್ಲರಿಗೂ ಕುಡಿಸಿದಳು.

ಶಂಕ್ರಪ್ಪನಿಗೆ ತಡೆಯಲಾಗಲಿಲ್ಲ. ಕೊರೊನಾ ಕಾಲದಲ್ಲಿ ಟಿವಿಯ ಮುಂದೆ ಕೂತು ಸಂಪಾದಿಸಿದ ವಿದ್ಯೆ ಅವನ ಹೊಟ್ಟೆಯಲ್ಲಿ ಇನ್ನೂ ಕುದಿಯುತ್ತಿತ್ತು.

“ಒಂದು ಕಿಡಕಿನಾದ್ರೂ ತೆಗಿ ಸತ್ತೆವ್ವಾ. ಒಗ್ಗರಣಿಗೆ ಮೆಣಸಿನಕಾಯಿ ಹಾಕಿದಾಗ ಬಾಗಲಾ ಹಾಕ್ಕೊಂಡು ಕುಂಡರ್ತಿ ಏನು? ಘಾಟು ಹೊರಗ ಹೋಗ್ಲಿ ಅಂತ ತೆಗಿತಿ ಹೌದಲ್ಲೊ? ನೆಗಡಿ ಆದವರ ಉಸಿರೂ ಹಂಗ, ಮನಿತುಂಬ ತಿರಗತೈತಿ. ಸುಮ್ನ ಕುಂತಾಗ ಬರೋದಕ್ಕಿಂತ ದನಿ ಎತ್ತಿ ಹಾಡಿದಾಗ ಹೆಚ್ಚು ಬರತೈತಿ.”

“ನನ್ನ ಧಾಟಿ ಹೊರಗ ಹೋದ್ರ ನೀವು ತಿರುಗಿ ತಂದು ಕೊಡ್ತೀರೇನು?” ಎಂದಳು ಸತ್ತೆವ್ವ, ಮೂಗು ಒರೆಸಿಕೊಳ್ಳುತ್ತ.

ಶಂಕ್ರಪ್ಪ ಅಂಗಳಕ್ಕೆ ಬಂದ. ಅಲ್ಲಿ ತಣ್ಣನೆ ಗಾಳಿ ಸುಳಿಯುತ್ತಿತ್ತು. ಐದೂ ಗಂಡಂದಿರು ದೂರ ದೂರ ಕೂತು ತೊಡೆ ತಟ್ಟುತ್ತ ತಾಳ ಹಾಕುತ್ತಿದ್ದರು. ಒಬ್ಬನ ಮೂಗೂ ಸೋರುತ್ತಿರಲಿಲ್ಲ.

ಸ್ಪರ್ಧೆಯ ದಿನ ಪೇಟಿ, ತಬಲಾ ಹೊರಲೆಂದು ಗಂಡಂದಿರೂ ಹಳಿಯಾಳಕ್ಕೆ ಹೋದರು. ಕೆಂಚವ್ವನ ಮೇಳ ಹಾಡಿ ಇಳಿಯಿತು. ಕಾಳಿತೀರ ಮಂಡಳದ ಹೆಸರು ಕೂಗಿದರು. ಸತ್ತೆವ್ವ ಎದ್ದು ಬಾಯಿ ತೆರೆದರೆ ಹಳೆ ಬಾಗಿಲು ಕಿರುಗುಟ್ಟಿದಂತಾಯಿತು, ದನಿ ಇಲ್ಲ. ಲಕ್ಷ್ಮಿಗೂ ಇಲ್ಲ, ಉಳಿದವರಿಗೂ ಇಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಕೆಂಚವ್ವ ಸೆರಗು ಸರಿಮಾಡಿಕೊಂಡು ನಕ್ಕಳು. ಸತ್ತೆವ್ವನ ಕಣ್ಣಲ್ಲಿ ನೀರು ಬಂತು.

ಅವಳು ಗಂಡನ ಕಡೆ ತಿರುಗಿ ಪಿಸುಗುಟ್ಟಿದಳು. “ನಿಮಗ ಧಾಟಿ ಬರತೈತೇನ್ರಿ?”

ಕಾಯುವವನೇ ಕದ್ದಿದ್ದಾನೆಂದು ಒಪ್ಪಿಕೊಳ್ಳುವುದು ಹೇಗೆ? ಶಂಕ್ರಪ್ಪ ತಲೆ ಕೆರೆದುಕೊಂಡ. “ದಿನಾ ಕೇಳಿ ಕೇಳಿ ಬಂದುಬಿಟ್ಟೈತಿ. ನನಗಷ್ಟ ಅಲ್ಲ, ಆರೂ ಮಂದಿಗಿ.”

ಸತ್ತೆವ್ವನ ಸಿಟ್ಟಿಗೆ ಅದು ಸಮಯವಾಗಿರಲಿಲ್ಲ. ತಾಳವನ್ನು ಅವನ ಕೈಗಿಟ್ಟು, “ಮೂರನೇ ನುಡಿಯೊಳಗ ಅವಸರ ಮಾಡಬ್ಯಾಡ್ರಿ” ಎಂದಳು.

ನಿಯಮದಲ್ಲಿ ಹೆಂಗಸರೇ ಹಾಡಬೇಕೆಂದು ಎಲ್ಲೂ ಇರಲಿಲ್ಲ. ಆರು ಗಂಡಸರು ವೇದಿಕೆ ಹತ್ತಿದರು. ಅಂಗಳದ ಗಾಳಿ ಕುಡಿದ ಗಂಟಲುಗಳು, ಅದೂ ಇಷ್ಟು ದಿನ ಹೆಂಡಂದಿರ ಎದುರು ತೆರೆಯಲು ಅವಕಾಶವೇ ಸಿಗದಿದ್ದಂಥವು. ಶಂಕ್ರಪ್ಪ ಮೊದಲ ನುಡಿ ಎತ್ತುತ್ತಲೇ ಸಭೆ ಗಪ್ಪಾಯಿತು. ಕೆಳಗಿನಿಂದ ಸತ್ತೆವ್ವ ಬೆರಳಾಡಿಸಿ ಏರಿಳಿತ ತೋರಿಸುತ್ತಿದ್ದಳು. ಸೀರೆ ತುರುಕಿ ತುರುಕಿ ಮುಚ್ಚಿಟ್ಟ ಮನೆಯಿಂದ ಧಾಟಿ ಸಲೀಸಾಗಿ ಹೊರಗೆ ಬಂದಿತ್ತು, ನೆಗಡಿ ಮಾತ್ರ ಒಳಗೇ ಉಳಿದಿತ್ತು. ಮುಗಿಯುತ್ತಲೇ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಡಾಲು ಕಾಳಿತೀರ ಮಂಡಳಕ್ಕೆ ಬಂತು.

ಈ ಧಾಟಿ ಯಾರದು ಎಂದು ತೀರ್ಪುಗಾರರು ಕೇಳಿದಾಗ ಶಂಕ್ರಪ್ಪ ಮೈಕು ಹಿಡಿದು, “ನಮ್ಮ ಮನಿಯಾಕಿ ಕಟ್ಟಿದ್ದರಿ, ಸತ್ತೆವ್ವಂದು” ಎಂದ. ಕೆಂಚವ್ವ ಎದ್ದು ಹೊರಗೆ ಹೋದಳು. ಸತ್ತೆವ್ವ ಅತ್ತಳು, ನಕ್ಕಳು, ಕೆಮ್ಮಿದಳು.

ಇಷ್ಟಕ್ಕೇ ನಿಂತಿದ್ದರೆ ಶಂಕ್ರಪ್ಪ ಈ ಹೊತ್ತಿಗೂ ಓಣಿಯಲ್ಲಿ ಎದೆಯುಬ್ಬಿಸಿ ತಿರುಗುತ್ತಿದ್ದ. ವಾಪಸು ಬರುವಾಗ ಟೆಂಪೋದಲ್ಲಿ ಸತ್ತೆವ್ವ ಅವನ ಪಕ್ಕ ಕೂತು, “ಇನ್ನೊಮ್ಮೆ ಹಾಡ್ರಿ, ಕೇಳೂಣು” ಎಂದಳು. ಮದುವೆಯಾದಾಗಿನಿಂದ ಅವನು ಬಾಯಿ ತೆರೆದಾಗ ‘ಸಾಕು’ ಎಂದವಳೇ ಹೊರತು ‘ಇನ್ನೊಮ್ಮೆ’ ಎಂದವಳಲ್ಲ. ಶಂಕ್ರಪ್ಪನಿಗೆ ಸ್ವರ್ಗ ಮೂರೇ ಗೇಣು. ಹಾಡಲು ಶುರುಮಾಡಿದರೆ ಕಿಟಕಿಯಿಂದ ನುಗ್ಗುವ ಗಾಳಿ ಅವನ ಆಲಾಪವನ್ನೆಲ್ಲ ಕಾಡಿಗೆ ಹೊತ್ತೊಯ್ಯತೊಡಗಿತು. ವಿಜಯಿಯ ಕಂಠ ಹೀಗೆ ವ್ಯರ್ಥವಾಗುವುದುಂಟೇ? ಅವನೇ ಎದ್ದು ಕಿಟಕಿಗಳನ್ನೆಲ್ಲ ಒಂದೊಂದಾಗಿ ಎಳೆದು ಮುಚ್ಚಿದ. ದಾಂಡೇಲಿ ಬರುವವರೆಗೂ ಗಂಡಂದಿರು ಹಾಡಿದರು, ಹೆಂಡಂದಿರು ನಡುನಡುವೆ ಸೀನಿಯೇ ಭೇಷ್ ಎಂದರು.

ಮುಂದಿನ ವಾರ ಓಣಿಯವರು ಸತ್ಕಾರ ಇಟ್ಟುಕೊಂಡರು. ಹಾಡಿ ಡಾಲು ತಂದ ಆರೂ ವೀರರು ಮಫ್ಲರ್ ಸುತ್ತಿಕೊಂಡು ವೇದಿಕೆಯ ಮೇಲೆ ಸಾಲಾಗಿ ಕೂತರು. ಒಂದು ಹಾಡು ಆಗಲಿ ಎಂದು ಹಿರಿಯರು ಕೇಳಿದರೆ ಆರು ಬಾಯಿಗಳಿಂದ ಕೆಮ್ಮು ಬಂತೇ ಹೊರತು ಬೇರೇನೂ ಬರಲಿಲ್ಲ. ಅಷ್ಟರಲ್ಲಿ ಹೆಂಗಸರ ಗಂಟಲು ಕೋಗಿಲೆಯಾಗಿತ್ತು. ಸತ್ತೆವ್ವ ಮೈಕಿನ ಮುಂದೆ ಬಂದು ನಿಂತಳು. ಇವರಿಗೆಲ್ಲ ಒಮ್ಮೆಗೇ ಏನಾಯಿತವ್ವ ಎಂದು ಹಿರಿಯರು ಕೇಳಿದರು.

“ನಾವು ಧಾಟಿ ಉಳಿಸಾಕ ಕಿಡಕಿ ಮುಚ್ಚಿದ್ವಿರಿ, ನಮಗ ಬುದ್ಧಿ ಬಂತು. ಟೆಂಪೋದಾಗಿನ ಕಿಡಕಿ ಯಾರು ಮುಚ್ಚಿದ್ರು, ಯಾಕ ಮುಚ್ಚಿದ್ರು, ಅದನ್ನ ಅವರನ್ನ ಕೇಳ್ರಿ.”

ಜನ ಶಂಕ್ರಪ್ಪನ ಕಡೆ ನೋಡಿದರು. ಹೇಳಿಕೊಳ್ಳಲು ದನಿ ಇರಲಿಲ್ಲ. ಅವನು ಕೈ ಎತ್ತಿದ.