ಪಂಡಿತರ ಅಭ್ಯಾಸಕ್ಕೆ ಲಿಫ್ಟ್ ನಿಂತದ್ದು

"ಈ ಸಲ ಪಾಸಾಗದಿದ್ದರೆ ಇಂಗ್ಲಿಷೂ ಬಿಟ್ಟೆ, ಚೀನಿಯೂ ಬಿಟ್ಟೆ. ನೋಡ್ತಾ ಇರು, ಮೂರೇ ವಾರ. ಗುರುವೂ ಬೇಡ, ಗೈಡೂ ಬೇಡ!" ಎಂದು ಪಂಡಿತರು ಟವೆಲ್ಲನ್ನು ಪೀತಾಂಬರದಂತೆ ಹೆಗಲಿಗೆ ಹಾಕಿಕೊಂಡು ಘೋಷಿಸಿದರು.

"ಎರಡೂ ಬಿಟ್ರೆ ನನ್ ಜೊತೆ ನಾಲ್ಕು ಮಾತಾಡೋಕೆ ಪುರುಸೊತ್ತಾದರೂ ಸಿಗುತ್ತೆ," ಎಂದಳು ಹೆಂಡತಿ, ಇಸ್ತ್ರಿ ಪೆಟ್ಟಿಗೆಯಿಂದ ತಲೆ ಎತ್ತದೆ.

ಪಂಡಿತರು ಎಂಬುದು ಅವಳೇ ಇಟ್ಟ ಹೆಸರು. ಈಗ ಇಡೀ ಕಟ್ಟಡ ಅವರನ್ನು ಹಾಗೇ ಕರೆಯುತ್ತದೆ. ಹೊಲಿಗೆ ಯಂತ್ರದ ಕಂಪನಿಯೊಂದರಲ್ಲಿ ಇಂಗ್ಲಿಷಿನ ಪತ್ರಗಳನ್ನು ಚೀನಿಗೂ ಚೀನಿಯ ಪತ್ರಗಳನ್ನು ಇಂಗ್ಲಿಷಿಗೂ ಅನುವಾದ ಮಾಡುವುದು ಅವರ ಕೆಲಸ. ಸೂಜಿ, ಬಾಬಿನ್, ಪೆಡಲು ಎಂದರೆ ನಿದ್ದೆಯಲ್ಲೂ ಎರಡೂ ಭಾಷೆಯಲ್ಲಿ ಹೇಳಬಲ್ಲರು. ಆದರೆ ಹಿರಿಯ ಅನುವಾದಕರ ಪರೀಕ್ಷೆಯಲ್ಲಿ ಸೂಜಿ ಕೇಳುವುದಿಲ್ಲ. ದಿನನಿತ್ಯದ ಸಮಸ್ಯೆ ಕೇಳುತ್ತಾರೆ: ಕಸ, ಪಾರ್ಕಿಂಗ್, ಮೊಬೈಲ್ ಗೀಳು, ಪಕ್ಕದ ಮನೆಯ ಗದ್ದಲ. ಪಂಡಿತರು ಎರಡು ಸಲ ಕಸದಲ್ಲೇ ಬಿದ್ದಿದ್ದರು. ಇದು ಮೂರನೆಯ ಸಲ ಮತ್ತು ಕೊನೆಯದು. ಈ ಸಲವೂ ಹೋದರೆ, ನಿಘಂಟು ತಿರುವಿಹಾಕುವುದನ್ನು ಅವರೇ ಕಲಿಸಿಕೊಟ್ಟ ಹುಡುಗಿ ಅವರ ಮೇಲಧಿಕಾರಿಯಾಗಿ ಕೂರುತ್ತಾಳೆ.

ಅಭ್ಯಾಸಕ್ಕೆ ಅವರು ಕಂಡುಕೊಂಡ ದಾರಿ ಸರಳವಾಗಿತ್ತು. ತಾವೇ ಒಂದು ಸೂಚನೆಯನ್ನು ಇಂಗ್ಲಿಷಿನಲ್ಲಿ ಬರೆಯುವುದು, ಕೆಳಗೆ ಅದರ ಚೀನೀ ಅನುವಾದ. ಮನೆಯ ಪ್ರಿಂಟರ್ ಕೆಟ್ಟು ಕೂತಿದ್ದರಿಂದ ಹಾಳೆಯನ್ನು ನೆಲಮಹಡಿಯಲ್ಲಿರುವ ಕಟ್ಟಡದ ಕಚೇರಿಯ ಪ್ರಿಂಟರಿಗೆ ಕಳಿಸಿ, ಸಂಜೆ ಬರುವಾಗ ತೆಗೆದುಕೊಂಡರಾಯಿತು ಎಂದುಕೊಂಡರು.

ಸಂಜೆ ಮರೆತರು. ಕಟ್ಟಡದ ಉಸ್ತುವಾರಿಯವರು ಮರೆಯಲಿಲ್ಲ. ಅಚ್ಚಾಗಿ ಬಂದ ಕಾಗದವೆಂದರೆ ಅವರಿಗೆ ರಾಜಾಜ್ಞೆ. ನಿವಾಸಿಗಳ ಸಂಘವೇ ಕಳಿಸಿರಬೇಕೆಂದು ಮೊಹರು ಒತ್ತಿ, ಫಲಕಕ್ಕೆ ಪಿನ್ನು ಚುಚ್ಚಿ, ಮರುದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಲಿಫ್ಟ್ ಆರಿಸಿಬಿಟ್ಟರು. ಹಾಳೆಯಲ್ಲಿ ಇದ್ದದ್ದೇ ಅದು: "ಆರೋಗ್ಯದ ಹಿತದೃಷ್ಟಿಯಿಂದ ಪ್ರತಿದಿನ ಎಂಟರಿಂದ ಹತ್ತರವರೆಗೆ ಲಿಫ್ಟ್ ನಿಲ್ಲಿಸಲಾಗುವುದು."

ಹಾಲು ತರಲು ಹೋಗಿದ್ದ ಹೆಂಡತಿ ಆರು ಮಹಡಿ ಹತ್ತಿ ಬಂದು ಬಾಗಿಲಿಗೆ ಒರಗಿದಳು. "ಯಾವ ಪುಣ್ಯಾತ್ಮ ಬರೆದನೋ, ಕೈಗೆ ಸಿಗಲಿ ಒಂದ್ಸಲ!"

ಪುಣ್ಯಾತ್ಮರು ಎದೆ ಹಿಡಿದುಕೊಂಡು ಕೆಳಗೆ ಓಡಿದರು. ಹಾಳೆ ಕಿತ್ತು, ತಪ್ಪೊಪ್ಪಿಕೊಂಡು, ಮುಗಿಸಿಬಿಡಬೇಕು ಎಂದೇ ಹೋದದ್ದು. ಆದರೆ ಫಲಕದ ಮುಂದೆ ಕಾಲು ನಿಂತಿತು. ಚೀನೀ ಭಾಗದ ಮೇಲೆ ಯಾರೋ ಕೆಂಪು ಪೆನ್ಸಿಲಿನಲ್ಲಿ ತಿದ್ದಿದ್ದರು. ಹನ್ನೊಂದು ಕಡೆ! ಮೊದಲು ಕೋಪ ಬಂತು. ಎರಡನೆಯ ಸಲ ಓದಿದಾಗ ಕೋಪ ಇಳಿಯಿತು. ಮೂರನೆಯ ಸಲಕ್ಕೆ ಕೈ ಮುಗಿಯುವಂತಾಯಿತು. ಪಂಡಿತರು ಎರಡು ಸಾಲಿನಲ್ಲಿ ಏದುಸಿರು ಬಿಡುತ್ತಾ ಹೇಳಿದ್ದನ್ನು ಆ ಪೆನ್ಸಿಲು ನಾಲ್ಕೇ ಪದದಲ್ಲಿ ಹೇಳಿತ್ತು. ಇಷ್ಟು ವರ್ಷ ಯಾವ ಪುಸ್ತಕದಲ್ಲೂ ಅವರು ಅಂಥ ಅಚ್ಚುಕಟ್ಟು ಕಂಡಿರಲಿಲ್ಲ. ಮೂಗು ಫಲಕಕ್ಕೆ ತಾಗುವಷ್ಟು ಬಗ್ಗಿ, ಒಂದೂ ಬಿಡದೆ ನೋಟ್‌ಬುಕ್ಕಿಗೆ ಇಳಿಸಿಕೊಂಡರು.

ತಪ್ಪೊಪ್ಪಿಗೆ ಅಲ್ಲಿಗೆ ನಿಂತಿತು. ಅಂದು ಮಧ್ಯಾಹ್ನವೇ ಎರಡನೆಯ ಹಾಳೆ ಪ್ರಿಂಟರಿಗೆ ಹೋಯಿತು, ಈ ಸಲ ಬೇಕೆಂದೇ.

"ಮೆಟ್ಟಿಲ ಮೇಲೆ ಮೊಬೈಲಿನಲ್ಲಿ ಮಾತಾಡಬಾರದು." ಒಂಬತ್ತು ತಪ್ಪು. "ಕಸವನ್ನು ನಾಲ್ಕು ಭಾಗ ಮಾಡಿಯೇ ಹಾಕಬೇಕು." ಎಂಟು ತಪ್ಪು. "ಸೈಕಲ್ಲುಗಳನ್ನು ಎತ್ತರಕ್ಕೆ ತಕ್ಕಂತೆ ಸಾಲಾಗಿ ನಿಲ್ಲಿಸಬೇಕು." ಐದು. ಪಂಡಿತರ ತಪ್ಪು ಕಡಿಮೆಯಾದಂತೆಲ್ಲ ಕಟ್ಟಡದ ಕಷ್ಟ ಹೆಚ್ಚಾಯಿತು. ಎರಡನೆಯ ಮಹಡಿಯ ವಕೀಲರು ಮಾವಿನ ಗೊರಟೆ ಯಾವ ಭಾಗಕ್ಕೆ ಸೇರುತ್ತದೆಂದು ಉಸ್ತುವಾರಿಯವರೊಡನೆ ಅರ್ಧ ಗಂಟೆ ವಾದ ಮಾಡಿದರು. ಮೂರನೆಯ ಮಹಡಿಯ ದಂತವೈದ್ಯೆ ಫೋನ್ ಬಂದಾಗಲೆಲ್ಲ ಬೀದಿಗೆ ಓಡಿಹೋಗಿ ಮಾತಾಡಿದಳು.

ಪರೀಕ್ಷೆಗೆ ಎರಡು ದಿನ ಇರುವಾಗ ಹೆಂಡತಿ ನೋಟ್‌ಬುಕ್ ಕೈಯಲ್ಲಿ ಹಿಡಿದು ಎದುರಿಗೆ ನಿಂತಳು.

"ರೀ, ಇದೆಲ್ಲ ನಿಮ್ಮ ಕೈಚಳಕಾನಾ?"

"ಅಭ್ಯಾಸ ಕಣೇ. ಬರೀ ಅಭ್ಯಾಸ."

"ತಿದ್ದೋರು ಯಾರು ಅಂತ ಗೊತ್ತಾ?"

"ಗೊತ್ತಿಲ್ಲ. ಯಾರೇ ಆಗಲಿ, ಸರಸ್ವತಿ ಅವರ ಬೆರಳ ತುದೀಲಿ ಕೂತಿದಾಳೆ."

"ನಾಲ್ಕನೇ ಮಹಡಿ ಚೀನೀ ಅಜ್ಜಿ. ನಲವತ್ತು ವರ್ಷ ಮೇಷ್ಟ್ರಾಗಿದ್ದೋರು. ಮಂಡಿ ನೋವು ಬೇರೆ. ನೀವು ಲಿಫ್ಟ್ ನಿಲ್ಲಿಸಿದ್ದಕ್ಕೆ ಅವರು ದಿನಾ ಮೆಟ್ಟಿಲಿಳಿದು ಬಂದು ನಿಮ್ಮ ತಪ್ಪು ತಿದ್ದಿ ಹೋಗ್ತಾರೆ. ಕೈ ಹಿಡ್ಕೊಂಡು ಇಳಿಸೋಳು ನಾನು."

ಪಂಡಿತರಿಗೆ ನಿಜವಾಗಿ ನಾಚಿಕೆಯಾಯಿತು. ಮರುದಿನ ಸಂಜೆ ನಿವಾಸಿಗಳ ಸಭೆ ಇತ್ತು. ಅಲ್ಲೇ ಎಲ್ಲ ಹೇಳಿಬಿಡುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟರು. ಆದರೆ ಸಭೆಯಲ್ಲಿ ವಕೀಲರು, "ಇದನ್ನ ಬರೆದವರು ಯಾರು ಅಂತ ಗೊತ್ತಾಗಲಿ, ಆಮೇಲೆ ನೋಡ್ಕೋತೀನಿ," ಎಂದಾಗ ಪಂಡಿತರು ಮುಂದಿನವರ ಬೆನ್ನ ಹಿಂದೆ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳತೊಡಗಿದರು. ಅಷ್ಟರಲ್ಲಿ ಅಜ್ಜಿ ಕೋಲೂರಿ ಎದ್ದು ನಿಂತರು. ಅವರಿಗೆ ಚೀನಿ ಬಿಟ್ಟು ಬೇರೆ ಬಾರದು.

"ಅದಕ್ಕೇನು, ನಮ್ಮ ಪಂಡಿತರಿದ್ದಾರಲ್ಲ, ಇಂಗ್ಲಿಷಿನಲ್ಲಿ ಹೇಳ್ತಾರೆ," ಎಂದರು ಸಂಘದ ಅಧ್ಯಕ್ಷರು.

ಪಂಡಿತರು ಅಜ್ಜಿಯ ಪಕ್ಕದಲ್ಲಿ ನಿಂತರು. ಅನುವಾದಕನ ಧರ್ಮವೆಂದರೆ ಹೇಳಿದ್ದನ್ನು ಹೇಳಿದಂತೆಯೇ ಒಪ್ಪಿಸುವುದು.

"ಮೆಟ್ಟಿಲು ಇಳಿದೂ ಇಳಿದೂ ನನ್ನ ಮಂಡಿ ಎಷ್ಟೋ ವಾಸಿ," ಎಂದರು ಅಜ್ಜಿ. ಪಂಡಿತರು ಒಪ್ಪಿಸಿದರು.

"ನಿವೃತ್ತಿಯಾದ ಮೇಲೆ ಪೆನ್ಸಿಲು ಹಿಡಿಯಲು ಯಾರೂ ಕಾರಣ ಕೊಟ್ಟಿರಲಿಲ್ಲ. ಈ ಸೂಚನೆಗಳು ಕೊಟ್ಟವು." ಅದನ್ನೂ ಒಪ್ಪಿಸಿದರು. ದನಿ ಸ್ವಲ್ಪ ಒದ್ದೆಯಾಗಿತ್ತು.

ಅಜ್ಜಿ ಮುಂದಿನ ಮಾತು ಶುರು ಮಾಡಿದರು: "ಇದನ್ನೆಲ್ಲ ಬರೆದವನು ಈಗ ನನ್ನ ಪಕ್ಕದಲ್ಲೇ..." ಪಂಡಿತರ ಕಿವಿಯಲ್ಲಿ ಗುಂಯ್ ಎಂದಿತು. ಉಳಿದದ್ದು ಕೇಳಿಸಲೇ ಇಲ್ಲ. ಅಜ್ಜಿ ಮಾತು ಮುಗಿಸಿ ಅವರತ್ತ ನೋಡಿದಾಗ, ಮೊದಲ ಸಾಲಿನಲ್ಲಿ ತೋಳು ಮಡಿಸಿ ಕೂತ ವಕೀಲರು ಕಂಡರು.

"ಎಲ್ಲರಿಗೂ ಧನ್ಯವಾದ, ಅಂತಾರೆ," ಎಂದುಬಿಟ್ಟರು ಪಂಡಿತರು.

ಹಿಂದಿನಿಂದ ಉಸ್ತುವಾರಿಯವರು ಮೆಲ್ಲಗೆ ಕೈ ಎತ್ತಿದರು. "ಸಾರ್, ಅವರು ಅದನ್ನ ಹೇಳಲಿಲ್ಲ."

"ನಿಮಗೆ ಚೀನಿ ಬರುತ್ತಾ?" ಅಧ್ಯಕ್ಷರಿಗೆ ಆಶ್ಚರ್ಯ.

"ಹದಿನೈದು ವರ್ಷದಿಂದ ದಿನಾ ಅಜ್ಜಿ ಹತ್ರ ಮಾತಾಡ್ತೀನಲ್ಲ ಸಾರ್. ಪಂಡಿತರ ಪರೀಕ್ಷೆ ವಿಷಯ ಅಜ್ಜಿಗೆ ಹೇಳಿದ್ದೂ ನಾನೇ. ಚೀನಿ ಬರುತ್ತಾ ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ." ಆಮೇಲೆ ಗಂಟಲು ಸರಿಮಾಡಿಕೊಂಡು, ಒಂದಕ್ಷರ ಆಚೀಚೆಯಾಗದಂತೆ ಒಪ್ಪಿಸಿದರು: "ಇದನ್ನೆಲ್ಲ ಬರೆದವನು ಈಗ ನನ್ನ ಪಕ್ಕದಲ್ಲೇ ನಿಂತಿದ್ದಾನೆ. ನಾನು ತಿದ್ದಿದ್ದನ್ನು ಇವನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದನ್ನು ಮೆಟ್ಟಿಲ ಮೇಲಿಂದ ದಿನಾ ನೋಡಿದ್ದೇನೆ. ಮೊದಲ ಹಾಳೆಯಲ್ಲಿ ಹನ್ನೊಂದು ತಪ್ಪು, ನಿನ್ನೆಯದರಲ್ಲಿ ಒಂದೂ ಇಲ್ಲ. ಇಂಥ ಶ್ರದ್ಧೆಯ ಶಿಷ್ಯನನ್ನು ನಲವತ್ತು ವರ್ಷದಲ್ಲಿ ನಾನು ನೋಡಿಲ್ಲ. ನಾಳೆ ಪರೀಕ್ಷೆಯಲ್ಲಿ ಖಂಡಿತ ಪಾಸಾಗುತ್ತಾನೆ. ಅವನಿಗೆ ಎಲ್ಲರೂ ಒಂದು ಚಪ್ಪಾಳೆ ಹೊಡೆಯಿರಿ."

ಅಜ್ಜಿಯ ಮಾತು ಸುಳ್ಳಾಗಲಿಲ್ಲ. ಮರುದಿನದ ಪರೀಕ್ಷೆಯಲ್ಲಿ ಪಂಡಿತರು ಪಾಸಾದರು. ಆದರೆ ಆ ಸಂಜೆ, ಮಾತು ಕೇಳಿದ್ದೇ ತಡ, ವಕೀಲರೂ ಸೇರಿ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಲ್ಲರ ಮುಖವೂ ಉಸ್ತುವಾರಿಯವರ ಕಡೆಗಿತ್ತು.

"ಅನುವಾದ ಅಂದ್ರೆ ಹೀಗಿರಬೇಕು ನೋಡ್ರಿ," ಎಂದಳು ಹೆಂಡತಿ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವಳು ಅವಳೇ.